ಮೂರು ಹಳಿ, ಎಂಟು ವ್ಯಾಗನ್: ಪುಟ್ಟ ರೈಲಿನ ದೊಡ್ಡ ಪಾಠ

ಹುಟ್ಟುಹಬ್ಬಕ್ಕೆ ಬಂದ ಆಟಿಕೆ ರೈಲು ಮೊದಲ ದಿನ ಮನೆಮಂದಿಯನ್ನೆಲ್ಲ ತನ್ನ ಸುತ್ತ ಕೂರಿಸಿಕೊಳ್ಳುತ್ತದೆ. ಎರಡನೆಯ ದಿನ ಮಂಚದ ಕೆಳಗಿನ ಕತ್ತಲನ್ನು ಸುರಂಗ ಮಾಡಿಕೊಂಡು ಓಡುತ್ತದೆ. ವಾರ ಕಳೆಯುವುದರೊಳಗೆ ಡಬ್ಬ ಸೇರಿ ಅಟ್ಟ ಹತ್ತುತ್ತದೆ. ಕಾರಣ ಸರಳ. ಗುಂಡಗಿನ ಹಳಿಯ ಮೇಲೆ ಸುತ್ತುವ ರೈಲು ಎಲ್ಲಿಗೂ ಹೋಗುವುದಿಲ್ಲ.

ಕೆಲವರ ಆಸೆ ಮಾತ್ರ ಅಟ್ಟ ಸೇರುವುದಿಲ್ಲ. ಹದಿನಾಲ್ಕು ಹದಿನೈದರ ವಯಸ್ಸಿಗೆ ಅದು ಮಾದರಿ ರೈಲ್ವೆಯ ಹವ್ಯಾಸವಾಗಿ ಮತ್ತೆ ತಲೆಯೆತ್ತುತ್ತದೆ. ಆಗ ಎದುರಾಗುವುದು ಬೇರೆಯದೇ ಸಂಕಟ. ಹಬೆ ಎಂಜಿನ್ನೂ ಬೇಕು, ಡೀಸೆಲ್ಲೂ ಬೇಕು. ಆಲ್ಪ್ಸ್ ಪರ್ವತವೂ ಬೇಕು, ಪಶ್ಚಿಮ ಘಟ್ಟವೂ ಬೇಕು. ಕೂಡಿಟ್ಟ ಹಣದಲ್ಲಿ ಅಲ್ಲೊಂದು ಎಂಜಿನ್, ಇಲ್ಲೊಂದು ಬೋಗಿ ಕೊಂಡು, ಯಾವುದೂ ಯಾವುದಕ್ಕೂ ಹೊಂದದೆ, ಹಣದ ಜೊತೆಗೆ ಉತ್ಸಾಹವೂ ಕರಗಿಹೋಗುತ್ತದೆ. ಹಾಗಾದರೆ ಹೊಸಬರು ಎಲ್ಲಿಂದ ಆರಂಭಿಸಬೇಕು? ಎಲ್ಲಿಗೆ ನಿಲ್ಲಿಸಬೇಕು? ಈ ಪ್ರಶ್ನೆಗೆ ಉತ್ತರ ಹವ್ಯಾಸದ ಇತಿಹಾಸದಲ್ಲೇ ಇದೆ. ಅಲ್ಲಿ ಹೆಸರು ಮಾಡಿದ ಅನೇಕರು ಮೊದಲು ತಮಗೆ ತಾವೇ ಒಂದು ಗಡಿ ಹಾಕಿಕೊಂಡವರು ಎಂಬುದು ಗಮನಾರ್ಹ.

ಅಳತೆಯ ಶಿಸ್ತು

ಆಟಿಕೆ ರೈಲುಗಳು ನಿಜವಾದ ರೈಲು ಬಂದ ಕೆಲವೇ ದಶಕಗಳಲ್ಲಿ ಯುರೋಪಿನ ಅಂಗಡಿಗಳಿಗೆ ಬಂದವು. ಆದರೆ ಒಬ್ಬ ತಯಾರಕನ ಗಾಡಿ ಇನ್ನೊಬ್ಬನ ಹಳಿಯ ಮೇಲೆ ಕೂರುತ್ತಿರಲಿಲ್ಲ. ಈ ಗೊಂದಲಕ್ಕೆ ದಾರಿ ತೋರಿಸಿದ್ದು ಜರ್ಮನಿಯ ಗ್ಯೋಪಿಂಗೆನ್ ಪಟ್ಟಣದ ಮೆರ್ಕ್ಲಿನ್ ಕಂಪೆನಿ. 1859ರಲ್ಲಿ ಆರಂಭವಾದ ಈ ಸಂಸ್ಥೆ ಮೊದಲು ಮಾಡುತ್ತಿದ್ದುದು ಬೊಂಬೆಮನೆಯ ಅಡುಗೆ ಪಾತ್ರೆಗಳನ್ನು. ಬೊಂಬೆಮನೆಗೆ ಪ್ರತಿ ಹಬ್ಬಕ್ಕೂ ಒಂದೊಂದು ಸಾಮಾನು ಸೇರಿಸುತ್ತ ಹೋಗುವಂತೆ ರೈಲಿಗೂ ಸೇರಿಸುತ್ತ ಹೋದರೆ ಹೇಗೆ ಎಂಬ ಯೋಚನೆ ಅವರದು. 1891ರಲ್ಲಿ ಲೈಪ್ಜಿಗ್ ನಗರದ ವಸಂತ ಮೇಳದಲ್ಲಿ ಮೆರ್ಕ್ಲಿನ್ ಕಂಪೆನಿ ಹಳಿಯ ಅಗಲಕ್ಕೆ ಸಂಖ್ಯೆಗಳನ್ನು ಕೊಟ್ಟು, ಬಿಡಿಬಿಡಿಯಾಗಿ ಕೊಂಡು ಜೋಡಿಸಬಹುದಾದ ರೈಲು ವ್ಯವಸ್ಥೆಯನ್ನು ಪ್ರದರ್ಶಿಸಿತು. 45 ಮಿಲಿಮೀಟರ್ ಅಗಲದ ‘ಒಂದನೇ ಗೇಜ್’ ಇಂದಿಗೂ ಬಳಕೆಯಲ್ಲಿದೆ. ಮುಂದೆ 32 ಮಿಲಿಮೀಟರಿನ ‘ಓ’ ಗೇಜ್ ಮನೆಮಾತಾಯಿತು.

ಮನೆಗಳು ಚಿಕ್ಕವಾದಂತೆ ರೈಲೂ ಚಿಕ್ಕದಾಯಿತು. 1935ರಲ್ಲಿ ಮೆರ್ಕ್ಲಿನ್ ಮತ್ತು ಟ್ರಿಕ್ಸ್ ಕಂಪೆನಿಗಳು 16.5 ಮಿಲಿಮೀಟರ್ ಹಳಿಯ, ಮೇಜಿನ ಮೇಲೆ ಓಡುವ ವಿದ್ಯುತ್ ರೈಲುಗಳನ್ನು ತಂದವು. ಅದೇ ವರ್ಷ ಅಮೆರಿಕದ ಮಿಲ್ವಾಕಿಯಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಒಬ್ಬರ ಗಾಡಿ ಇನ್ನೊಬ್ಬರ ಹಳಿಯ ಮೇಲೆ ಓಡಬೇಕು ಎಂಬುದೇ ಅದರ ಮುಖ್ಯ ಗುರಿ. ‘ಓ’ ಅಳತೆಯ ಅರ್ಧವಾದ್ದರಿಂದ ಈ ಹೊಸ ಅಳತೆಗೆ ‘ಎಚ್‌ಓ’ ಎಂದು ಹೆಸರಾಯಿತು. ಇದರಲ್ಲಿ ನಿಜವಾದ ವಸ್ತುವಿನ 87ರಲ್ಲಿ ಒಂದು ಭಾಗದಷ್ಟು ಗಾತ್ರ. 1938ರಲ್ಲಿ ಬಂದ ಬ್ರಿಟನ್ನಿನ ಹಾರ್ನ್‌ಬಿ ಡಬ್ಲೊ ರೈಲುಗಳದು ಇನ್ನೊಂದು ದಾರಿ. ಬ್ರಿಟನ್ನಿನ ಎಂಜಿನ್ನುಗಳ ಗಾತ್ರ ಚಿಕ್ಕದು, ಅಂದಿನ ಮೋಟರುಗಳು ಅದರೊಳಗೆ ಹಿಡಿಸುತ್ತಿರಲಿಲ್ಲ. ಆದ್ದರಿಂದ ಹಳಿಯನ್ನು ಅಷ್ಟೇ ಇಟ್ಟು ಗಾಡಿಯನ್ನು ಮಾತ್ರ 76ರಲ್ಲಿ ಒಂದಕ್ಕೆ ಹಿಗ್ಗಿಸಿದರು. 1960ರ ದಶಕದಲ್ಲಿ ಜರ್ಮನಿಯ ಆರ್ನಾಲ್ಡ್ ಕಂಪೆನಿ ಜನಪ್ರಿಯಗೊಳಿಸಿದ ‘ಎನ್’ ಅಳತೆಯಲ್ಲಿ ಹಳಿಯ ಅಗಲ ಬರೀ 9 ಮಿಲಿಮೀಟರ್.

ಹೊಸಬರಿಗೆ ಇದರಲ್ಲಿ ಮೊದಲ ಪಾಠವಿದೆ. ಅಳತೆಯೊಂದನ್ನು ಆರಿಸಿಕೊಂಡ ಮೇಲೆ ಅದನ್ನು ಬಿಟ್ಟು ಕದಲಬಾರದು. ಮಾರಾಟಕ್ಕೆ ಅಗ್ಗವಾಗಿ ಬಂದಿದೆ ಎಂದು ಬೇರೆ ಅಳತೆಯ ಎಂಜಿನ್ ಕೊಂಡರೆ ಅದು ಕಪಾಟಿನ ಬೊಂಬೆಯಾಗುವುದೇ ಸರಿ.

ಮೂರೂವರೆ ಅಡಿಯ ಆರಂಭ

ಅಳತೆ ನಿಂತಿತು. ಆದರೆ ಎಷ್ಟು ದೊಡ್ಡದನ್ನು ಕಟ್ಟಬೇಕು? ಇದಕ್ಕೆ ಅಮೆರಿಕದ ಜಾನ್ ಆಲೆನ್ ಅವರ ಕಥೆ ಒಳ್ಳೆಯ ಉತ್ತರ. 1913ರಲ್ಲಿ ಹುಟ್ಟಿದ ಆಲೆನ್ ವೃತ್ತಿಯಿಂದ ಛಾಯಾಗ್ರಾಹಕರು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೆಲೆಸಿದ್ದ ಅವರು 1940ರ ದಶಕದ ಕೊನೆಯಲ್ಲಿ ಕಟ್ಟಿದ ಮೊದಲ ಮಾದರಿ ರೈಲ್ವೆಯ ಅಗಲ ಸುಮಾರು ಮೂರೂವರೆ ಅಡಿ, ಉದ್ದ ಆರೂವರೆ ಅಡಿ. ಒಂದು ಮಂಚದಷ್ಟು ಜಾಗ. ಅದಕ್ಕೆ ಅವರಿಟ್ಟ ಹೆಸರು ‘ಗೋರ್ ಅಂಡ್ ಡಫೆಟಿಡ್’. ಇಂಗ್ಲಿಷಿನಲ್ಲಿ ಅದನ್ನು ಉಚ್ಚರಿಸಿದರೆ ‘ರಕ್ತಸಿಕ್ತನಾಗಿ ಸೋತವನು’ ಎಂಬರ್ಥ ಹೊಮ್ಮುವ ತಮಾಷೆ.

ಆ ಚಿಕ್ಕ ಹಲಗೆಯನ್ನು ಅವರು ಪೂರ್ತಿ ಮುಗಿಸಿದರು. ಗುಡ್ಡ, ಸೇತುವೆ, ಊರು ಎಲ್ಲವೂ ಅದರ ಮೇಲಿದ್ದವು. ಇತರರು ತಮ್ಮ ಎಂಜಿನ್ನುಗಳನ್ನು ಪಾತ್ರೆಯಂತೆ ಥಳಥಳಿಸುವ ಹಾಗೆ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ಆಲೆನ್ ತಮ್ಮ ಗಾಡಿಗಳಿಗೆ ಮಸಿ, ತುಕ್ಕು, ಧೂಳು ಬಳಿದರು. ದುಡಿಯುವ ರೈಲು ಹೊಸದಾಗಿ ಹೊಳೆಯುವುದಿಲ್ಲ ಎಂಬುದು ಅವರ ನಿಲುವು. 1950ರ ದಶಕದಲ್ಲಿ ಹೊಸ ಮನೆ ಕೊಂಡಾಗ ಅದರ ನೆಲಮಾಳಿಗೆಯಲ್ಲಿ ದೊಡ್ಡ ರೈಲ್ವೆಯನ್ನು ಕಟ್ಟತೊಡಗಿದರು. ಬೆಟ್ಟಗಳು ನೆಲದಿಂದ ಎದ್ದು ಛಾವಣಿಯತ್ತ ಏರಿದವು. ಮೊದಲಿನ ಆ ಮಂಚದಗಲದ ರೈಲ್ವೆಯನ್ನು ಅವರು ಎಸೆಯಲಿಲ್ಲ. ದೊಡ್ಡದರ ಒಂದು ಭಾಗವಾಗಿ ಅದನ್ನು ಸೇರಿಸಿಕೊಂಡರು.

1973ರ ಜನವರಿಯಲ್ಲಿ ಆಲೆನ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು, ಎರಡು ದಶಕ ಬೆಳೆದ ರೈಲ್ವೆ ಸುಟ್ಟುಹೋಯಿತು. ಉಳಿದದ್ದು ಅವರು ತೆಗೆದ ಚಿತ್ರಗಳು, ಪತ್ರಿಕೆಗಳಿಗೆ ಬರೆದ ಲೇಖನಗಳು ಮತ್ತು ಕಲಿಸಿಕೊಟ್ಟ ವಿಧಾನಗಳು. ಮುಂದಿನ ತಲೆಮಾರಿನ ಹವ್ಯಾಸಿಗಳು ಕಲಿತದ್ದು ಅವುಗಳಿಂದಲೇ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ನಮ್ಮ ಗಾದೆಯನ್ನು ಆಲೆನ್ ಕೇಳಿರಲಾರರು. ಆದರೆ ಅವರ ಆರಂಭ ಅಕ್ಷರಶಃ ಹಾಸಿಗೆಯಷ್ಟೇ ಇತ್ತು.

ಒಂದು ಊರು, ಒಂದು ಕಾಲ

ಗಡಿ ಎಂದರೆ ಜಾಗದ ಗಡಿ ಮಾತ್ರವಲ್ಲ. ಕಾಲಕ್ಕೂ ಗಡಿ ಹಾಕಬಹುದು ಎಂದು ತೋರಿಸಿದವರಲ್ಲಿ ರಾಯ್ ಇಂಗ್ಲೆಂಡ್ ಪ್ರಮುಖರು. ಹೆಸರಿನಲ್ಲಿ ಇಂಗ್ಲೆಂಡ್ ಇದ್ದರೂ ಅವರು ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ತರುಣನಾಗಿದ್ದಾಗ 1925ರಲ್ಲಿ ಬ್ರಿಟನ್ನಿಗೆ ಬಂದ ಅವರು ‘ವೇಲ್ ಆಫ್ ವೈಟ್ ಹಾರ್ಸ್’ ಎಂಬ ಕಣಿವೆಯ ಹಳ್ಳಿಗಳಿಗೆ ಮನಸೋತರು. ಹುಲ್ಲು ಹೊದಿಸಿದ ಮನೆಗಳು ಒಂದೊಂದಾಗಿ ರೂಪ ಬದಲಿಸುತ್ತಿದ್ದ ಕಾಲ ಅದು. ಅವು ಇಲ್ಲವಾಗುವ ಮೊದಲೇ ಅಳೆದು, ಟಿಪ್ಪಣಿ ಮಾಡಿ, ಪುಟ್ಟ ಗಾತ್ರದಲ್ಲಿ ಉಳಿಸಿಕೊಳ್ಳಬೇಕೆಂದು ರಾಯ್ ನಿರ್ಧರಿಸಿದರು.

1954ರಲ್ಲಿ ಆಕ್ಸ್‌ಫರ್ಡ್‌ಷೈರಿನ ಲಾಂಗ್ ವಿಟೆನ್‌ಹ್ಯಾಮ್ ಹಳ್ಳಿಯಲ್ಲಿ ಪೆಂಡನ್ ವಸ್ತುಸಂಗ್ರಹಾಲಯ ಹುಟ್ಟಿದ್ದು ಹೀಗೆ. ಅಲ್ಲಿನ ಮುಖ್ಯ ದೃಶ್ಯದಲ್ಲಿರುವುದು 1920 ಮತ್ತು 30ರ ದಶಕಗಳ ಆ ಕಣಿವೆ ಮತ್ತು ಅದರ ನಡುವೆ ಹಾದುಹೋಗುವ ರೈಲು. ಆ ಕಾಲಕ್ಕೆ ಸೇರದ ಗಾಡಿಗೆ ಅಲ್ಲಿ ಜಾಗವಿಲ್ಲ. ಒಂದೊಂದು ಮನೆಯನ್ನೂ ನಿಜವಾದ ಮನೆಯ ಅಳತೆ ಹಿಡಿದು ರಟ್ಟಿನಲ್ಲಿ ಕಟ್ಟಿ, ಇಟ್ಟಿಗೆ ಇಟ್ಟಿಗೆಗೂ ಬಣ್ಣ ಹಾಕಲಾಗಿದೆ. ರಾಯ್ 1995ರಲ್ಲಿ ತೀರಿಕೊಂಡರು. ಕೆಲಸ ಅವರ ನಂತರವೂ ಸ್ವಯಂಸೇವಕರ ಕೈಯಲ್ಲಿ ಮುಂದುವರಿಯಿತು.

ಪೀಟರ್ ಡೆನ್ನಿ ಎಂಬ ಪಾದ್ರಿಯದೂ ಇಂಥದೇ ನಿಷ್ಠೆ. ಎರಡನೇ ಮಹಾಯುದ್ಧದ ನಂತರ ಅವರು ಬಕಿಂಗ್‌ಹ್ಯಾಮ್‌ಗೆ ಹೋಗುವ ಒಂದು ಕಲ್ಪಿತ ಶಾಖಾ ಮಾರ್ಗವನ್ನು ಕಟ್ಟಲಾರಂಭಿಸಿದರು. ಇಪ್ಪತ್ತನೆಯ ಶತಮಾನದ ಮೊದಲ ದಶಕವನ್ನು ಕಾಲವಾಗಿ ಆರಿಸಿಕೊಂಡು, ಅರ್ಧ ಶತಮಾನಕ್ಕೂ ಮೀರಿ ಅದೊಂದನ್ನೇ ಬೆಳೆಸಿದರು. ಅವರಂಥವರು ಬಳಕೆಗೆ ತಂದ ಉಪಾಯವೊಂದು ಹೊಸಬರಿಗೆ ಬಹಳ ಉಪಯುಕ್ತ. ಪೂರ್ತಿ ದಾರಿಯನ್ನು ಕಟ್ಟುವ ಅಗತ್ಯವಿಲ್ಲ. ಒಂದು ಕೊನೆಯ ನಿಲ್ದಾಣವನ್ನು ಕಟ್ಟಿ, ಅಲ್ಲಿಂದ ಹೊರಟ ರೈಲನ್ನು ಒಂದು ಮರೆಯ ಹಿಂದೆ ಕಳಿಸಿದರೆ ಸಾಕು. ಮರೆಯ ಹಿಂದೆ ಗಾಡಿಗಳನ್ನು ಕೈಯಲ್ಲೇ ಅದಲುಬದಲು ಮಾಡಿ ಬೇರೊಂದು ರೈಲಾಗಿ ಮರಳಿ ಕಳಿಸುತ್ತಾರೆ. ಯಕ್ಷಗಾನದ ಚೌಕಿಗೆ ಹೋದ ವೇಷಧಾರಿ ಬೇರೊಂದು ವೇಷದಲ್ಲಿ ರಂಗಕ್ಕೆ ಬಂದ ಹಾಗೆ.

ಎಂಟು ವ್ಯಾಗನ್, 6,720 ರೈಲು

ಚೌಕಿಗೂ ಜಾಗವಿಲ್ಲದ ಮನೆಯಾದರೆ? ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ಇದಕ್ಕೆ ಉತ್ತರ. ನಾರ್ಥಂಬರ್‌ಲ್ಯಾಂಡ್ ಪ್ರಾಂತದ ಕಿಲ್‌ಹ್ಯಾಮ್ ಎಂಬಲ್ಲಿದ್ದ ಸಣ್ಣ ಸರಕು ಸೈಡಿಂಗು ಇದಕ್ಕೆ ಪ್ರೇರಣೆ. ಬೇಕಾದದ್ದು ಮೂರು ಹಳಿ, ಅವುಗಳನ್ನು ಕೂಡಿಸುವ ಎರಡು ಪಾಯಿಂಟ್, ಒಂದು ಎಂಜಿನ್, ಎಂಟು ವ್ಯಾಗನ್. ಉದ್ದದ ಹಳಿಯಲ್ಲಿ ಐದು ವ್ಯಾಗನ್ ನಿಲ್ಲುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಪಾಯಿಂಟಿನ ಆಚೆಗೆ ಎಂಜಿನ್ ಮತ್ತು ಮೂರು ವ್ಯಾಗನ್ ಹಿಡಿಸುವಷ್ಟೇ ಹಳಿ.

ಆಟ ಹೀಗಿದೆ. ಎಂಟು ಚೀಟಿಗಳಲ್ಲಿ ವ್ಯಾಗನ್ನುಗಳ ಹೆಸರು ಬರೆದು ಐದನ್ನು ಎತ್ತಬೇಕು. ಚೀಟಿ ಬಂದ ಕ್ರಮದಲ್ಲೇ ಆ ಐದು ವ್ಯಾಗನ್ನುಗಳನ್ನು ಉದ್ದದ ಹಳಿಯಲ್ಲಿ ಜೋಡಿಸಬೇಕು. ಕೈಯಿಂದ ಎತ್ತುವಂತಿಲ್ಲ, ಎಂಜಿನ್ನಿನಿಂದಲೇ ಎಳೆದು ತಳ್ಳಿ ಶಂಟಿಂಗ್ ಮಾಡಬೇಕು. ಮೊದಲ ಜಾಗಕ್ಕೆ ಎಂಟರಲ್ಲಿ ಒಂದು, ಎರಡನೆಯದಕ್ಕೆ ಉಳಿದ ಏಳರಲ್ಲಿ ಒಂದು, ಹೀಗೆ ಐದು ಜಾಗಕ್ಕೆ ಲೆಕ್ಕ ಹಾಕಿದರೆ 6,720 ಬಗೆಯ ರೈಲುಗಳಾಗುತ್ತವೆ. ದಿನಕ್ಕೊಂದರಂತೆ ಜೋಡಿಸಿದರೂ ಹದಿನೆಂಟು ವರ್ಷ ದಾಟುತ್ತದೆ! ಎಚ್‌ಓ ಅಳತೆಯಲ್ಲಿ ಇದಕ್ಕೆ ನಾಲ್ಕೈದು ಅಡಿ ಉದ್ದ, ಒಂದಡಿ ಅಗಲದ ಹಲಗೆ ಸಾಕು. ಆಟ ಮುಗಿದ ಮೇಲೆ ಕಪಾಟಿನ ಮೇಲೆ ಎತ್ತಿಡಬಹುದು.

ಹಳಿ ಹಾಕುವ ಮುನ್ನ

ಭಾರತಕ್ಕೂ ಈ ಪುಟ್ಟ ರೈಲು ಹೊಸದಲ್ಲ. ಗ್ವಾಲಿಯರಿನ ಜೈವಿಲಾಸ ಅರಮನೆಯ ಊಟದ ಮೇಜಿನ ಮೇಲಿರುವ ಬೆಳ್ಳಿಯ ರೈಲು ಪ್ರಸಿದ್ಧ. ಊಟವಾದ ಮೇಲೆ ಅತಿಥಿಗಳಿಗೆ ಮದ್ಯ, ಚುರುಟು ತಲುಪಿಸುವುದೊಂದೇ ಅದರ ಕೆಲಸ. ಅರಮನೆ ಇಲ್ಲದವರಿಗೆ ಸಣ್ಣದೊಂದು ಲೆಕ್ಕ ಕಣ್ಣು ತೆರೆಸುತ್ತದೆ. ನಮ್ಮ ಎಕ್ಸ್‌ಪ್ರೆಸ್ ರೈಲುಗಳ ಹಳೆಯ ಮಾದರಿಯ ನೀಲಿ ಬೋಗಿಯ ಉದ್ದ ಸುಮಾರು 21 ಮೀಟರ್. ಎಚ್‌ಓ ಅಳತೆಗೆ ಇಳಿಸಿದರೂ ಅದು 24 ಸೆಂಟಿಮೀಟರಿಗಿಂತ ಹೆಚ್ಚು. ಹದಿನಾರು ಬೋಗಿ ಜೋಡಿಸಿದರೆ ರೈಲೊಂದೇ ನಾಲ್ಕು ಮೀಟರ್ ಹತ್ತಿರವಾಗುತ್ತದೆ, ಎಷ್ಟೋ ಮನೆಗಳಲ್ಲಿ ಕೋಣೆಯೇ ಅಷ್ಟಿರುವುದಿಲ್ಲ. ಅದೇ ಕೋಣೆಯ ಗೋಡೆಯುದ್ದಕ್ಕೆ ಶಾಖಾ ಮಾರ್ಗದ ಒಂದು ಸಣ್ಣ ನಿಲ್ದಾಣ ಧಾರಾಳವಾಗಿ ಹಿಡಿಸುತ್ತದೆ.

ಅಂಥ ನಿಲ್ದಾಣಗಳಿಗೆ ಕರ್ನಾಟಕದಲ್ಲಿ ಬರವಿಲ್ಲ. ರಾಜ್ಯದ ಬಹುಭಾಗದಲ್ಲಿ ಒಂದು ಕಾಲಕ್ಕೆ ಮೀಟರ್‌ಗೇಜ್ ಹಳಿಯೇ ಇತ್ತು. 1992ರಲ್ಲಿ ಆರಂಭವಾದ ಏಕರೂಪ ಗೇಜ್ ಯೋಜನೆಯ ನಂತರ ಒಂದೊಂದೇ ಮಾರ್ಗ ಬ್ರಾಡ್‌ಗೇಜ್ ಆಯಿತು, ಶಿವಮೊಗ್ಗ–ತಾಳಗುಪ್ಪ ಮಾರ್ಗವೂ ಸೇರಿದಂತೆ. ಮೀಟರ್‌ಗೇಜನ್ನು ಎಚ್‌ಓ ಅಳತೆಗೆ ಇಳಿಸಿದರೆ ಹನ್ನೊಂದೂವರೆ ಮಿಲಿಮೀಟರ್. ಸ್ವಿಟ್ಜರ್ಲೆಂಡಿನ ಮೀಟರ್‌ಗೇಜ್ ಮಾರ್ಗಗಳ ಮಾದರಿಗೆಂದು ತಯಾರಾಗುವ 12 ಮಿಲಿಮೀಟರ್ ಹಳಿ ಇದಕ್ಕೆ ಹೊಂದುತ್ತದೆ. ಬ್ರಾಡ್‌ಗೇಜಾದರೆ ನಿಖರ ಅಗಲ 19 ಮಿಲಿಮೀಟರಿಗಿಂತ ಹೆಚ್ಚಾಗಬೇಕು. ಸುಲಭವಾಗಿ ಸಿಗುವ ಹದಿನಾರೂವರೆಯ ಹಳಿಯನ್ನೇ ಬಳಸುವುದಾದರೆ ಆ ವ್ಯತ್ಯಾಸವನ್ನು ಮೊದಲೇ ಒಪ್ಪಿಕೊಂಡುಬಿಡಬೇಕು.

ಹಣ ಬಿಚ್ಚುವ ಮೊದಲು ಹೊಸಬರು ಬಿಚ್ಚಬೇಕಾದದ್ದು ನೋಟ್‌ಬುಕ್ಕನ್ನು. ಯಾವ ಊರು, ಯಾವ ವರ್ಷ, ಅಲ್ಲಿಗೆ ಬರುತ್ತಿದ್ದ ಸರಕು ಯಾವುದು ಎಂಬ ಮೂರು ಪ್ರಶ್ನೆಗೆ ಉತ್ತರ ಬರೆದುಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಆ ಊರಿಗೆ, ಆ ವರ್ಷಕ್ಕೆ ಸೇರದ ಗಾಡಿ ಎಷ್ಟೇ ಚೆಂದವಿದ್ದರೂ ಅಂಗಡಿಯಲ್ಲೇ ಇರಲಿ. 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಗಾಡಿಗಳನ್ನು ಹತ್ತಿರದಿಂದ ಕಾಣಬಹುದು. ನಿಲ್ದಾಣದ ಕಟ್ಟಡಕ್ಕೆ ಹಳೆಯ ರಟ್ಟು, ಬ್ಲೇಡು, ಅಂಟು ಸಾಕು. ಏಳಡಿ ಎತ್ತರದ ಬಾಗಿಲು ಎಚ್‌ಓ ಅಳತೆಯಲ್ಲಿ ಎರಡೂವರೆ ಸೆಂಟಿಮೀಟರಿಗೆ ಇಳಿಯುತ್ತದೆ. ಒಂದು ಹಲಗೆ ಪೂರ್ತಿಯಾಗುವವರೆಗೆ ಎರಡನೆಯದಕ್ಕೆ ಕೈ ಹಾಕದಿರುವುದು ಜಾನ್ ಆಲೆನ್ ಕಲಿಸಿದ ಪಾಠ. ಮುಂದೆ ಮನೆ ದೊಡ್ಡದಾದರೆ ಆ ಹಲಗೆಯೂ ಅದರೊಳಗೆ ಸೇರಿಕೊಳ್ಳುತ್ತದೆ.

ಹೀಗೆ ಕಟ್ಟಿದ ಪುಟ್ಟ ನಿಲ್ದಾಣ ಬರೀ ಆಟಿಕೆಯಾಗಿ ಉಳಿಯುವುದಿಲ್ಲ. ಹಂಚಿನ ಮಾಡು, ಪ್ಲಾಟ್‌ಫಾರ್ಮಿನ ಮರ, ಗಂಟೆ ಬಾರಿಸಲು ತೂಗುಹಾಕಿದ ಹಳಿಯ ತುಂಡು, ಇವುಗಳಲ್ಲಿ ಎಷ್ಟೋ ಈಗಾಗಲೇ ಕಣ್ಮರೆಯಾಗಿವೆ. ಅವನ್ನು ಕಂಡ ಅಜ್ಜ ಅಜ್ಜಿಯರು ಇನ್ನೂ ಅನೇಕ ಮನೆಗಳಲ್ಲಿದ್ದಾರೆ. ಪ್ಲಾಟ್‌ಫಾರ್ಮಿನ ಮರ ಯಾವುದಿತ್ತು, ಅದು ಯಾವ ಬದಿಗಿತ್ತು ಎಂದು ಮೊಮ್ಮಗ ಇಂದೇ ಅವರನ್ನು ಕೇಳಿ ಬರೆದುಕೊಳ್ಳಬಹುದು. ಅದಕ್ಕೆ ಹಳಿಯೂ ಬೇಡ, ಎಂಜಿನ್ನೂ ಬೇಡ.