ಕೊಲ್ಯಾಜನ್ ಪ್ರಚೋದಕ ಫಿಲ್ಲರ್: ಇತಿಹಾಸ ಮತ್ತು ಸುರಕ್ಷಿತ ಬಳಕೆ

ಕೊಲ್ಯಾಜನ್ ಪ್ರಚೋದಕ ಫಿಲ್ಲರ್ ಎಂದರೆ ಮುಖದ ಸೊರಗಿದ ಭಾಗಗಳಿಗೆ ಚುಚ್ಚುಮದ್ದಾಗಿ ಸೇರಿಸಿ, ಅಲ್ಲಿ ದೇಹವೇ ಹೊಸ ಕೊಲ್ಯಾಜನ್ ಬೆಳೆಸಿಕೊಳ್ಳುವಂತೆ ಮಾಡುವ ವೈದ್ಯಕೀಯ ವಸ್ತು. ಕೊಲ್ಯಾಜನ್ ಎಂಬುದು ಚರ್ಮಕ್ಕೆ ಬಲ ಮತ್ತು ಬಿಗಿ ಕೊಡುವ ನಾರಿನಂಥ ಪ್ರೋಟೀನು. ವಯಸ್ಸು, ಬಿಸಿಲು, ಧೂಮಪಾನಗಳಿಂದ ಅದು ಕ್ಷೀಣಿಸುತ್ತದೆ. ಹಯಲುರಾನಿಕ್ ಆಮ್ಲದ ಸಾಮಾನ್ಯ ಫಿಲ್ಲರ್ ಚುಚ್ಚಿದ ಕೂಡಲೇ ಜಾಗ ತುಂಬುತ್ತದೆ. ಪ್ರಚೋದಕ ಫಿಲ್ಲರ್‌ನ ಕೆಲಸ ಬಿತ್ತನೆಯಂಥದು. ಫಲಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕು. ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲ (ಪಾಲಿಲ್ಯಾಕ್ಟಿಕ್ ಆಮ್ಲದ ಒಂದು ಬಗೆ), ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್ ಮತ್ತು ಪಾಲಿಕ್ಯಾಪ್ರೊಲ್ಯಾಕ್ಟೋನ್ ಈ ಗುಂಪಿನ ಮುಖ್ಯ ವಸ್ತುಗಳು. ಇವುಗಳ ಚರಿತ್ರೆಯ ದೊಡ್ಡ ಅಧ್ಯಾಯ ನಡೆದದ್ದು ಎಚ್‌ಐವಿ ಸೋಂಕಿತರ ಚಿಕಿತ್ಸೆಯಲ್ಲಿ.

ಹಿನ್ನೆಲೆ

ಮುಖದ ಕುಳಿಯನ್ನು ತುಂಬುವ ಯತ್ನ 19ನೆಯ ಶತಮಾನದಷ್ಟು ಹಳೆಯದು. ಜರ್ಮನಿಯ ಶಸ್ತ್ರವೈದ್ಯ ನಾಯ್ಬರ್ 1893ರಲ್ಲಿ ರೋಗಿಯ ತೋಳಿನಿಂದ ತೆಗೆದ ಕೊಬ್ಬಿನ ಚೂರುಗಳಿಂದ ಮುಖದ ಗಾಯದ ಕುಳಿಯನ್ನು ಮುಚ್ಚಿದ. ವಿಯೆನ್ನಾದ ರಾಬರ್ಟ್ ಗೆರ್ಸುನಿ 1899ರಲ್ಲಿ, ಕ್ಷಯದಿಂದ ವೃಷಣ ಕಳೆದುಕೊಂಡಿದ್ದ ಯುವಕನಿಗೆ ವ್ಯಾಸಲೀನ್ ಚುಚ್ಚಿ ಆ ಕೊರತೆಯನ್ನು ಮರೆಮಾಡಿದ. ಅದರ ಬೆನ್ನಿಗೇ ಪ್ಯಾರಾಫಿನ್ ಮೇಣವನ್ನು ಮೂಗು, ಕೆನ್ನೆಗಳಿಗೆ ಚುಚ್ಚುವ ಗೀಳು ಯೂರೋಪಿನಲ್ಲಿ ಹಬ್ಬಿತು. ಕೆಲವೇ ವರ್ಷಗಳಲ್ಲಿ ಮೇಣ ಇದ್ದಲ್ಲಿ ಇರದೆ ಜಾರಿತು, ಗಟ್ಟಿ ಗಂಟುಗಳಾಯಿತು, ಚರ್ಮ ಒಡೆಯಿತು. ವೈದ್ಯಶಾಸ್ತ್ರ ಇವಕ್ಕೆ ಪ್ಯಾರಾಫಿನೋಮ ಎಂದು ಹೆಸರಿಟ್ಟಿತು. ಮುಂದೆ ಬಂದ ದ್ರವ ಸಿಲಿಕೋನ್ ಕೂಡ ಹಲವರಿಗೆ ಇದೇ ಬಗೆಯ ಸಂಕಟ ತಂದಿತು. ಸೌಂದರ್ಯಕ್ಕಾಗಿ ಅದನ್ನು ಮುಖಕ್ಕೆ ಚುಚ್ಚಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಎಂದೂ ಅನುಮತಿ ನೀಡಲಿಲ್ಲ.

1981ರಲ್ಲಿ ಎಫ್‌ಡಿಎ ಒಪ್ಪಿಗೆ ಪಡೆದ ಜೈಡರ್ಮ್ ಹಸುವಿನ ಚರ್ಮದಿಂದ ತಯಾರಾದ ಕೊಲ್ಯಾಜನ್. ಅಲರ್ಜಿಯ ಭಯದಿಂದ ಮೊದಲು ಮುಂಗೈಗೆ ಪರೀಕ್ಷಾ ಚುಚ್ಚುಮದ್ದು ಕೊಟ್ಟು ವಾರಗಟ್ಟಲೆ ಕಾದು ನೋಡಬೇಕಿತ್ತು. ಹಾಗೆ ಹೊರಗಿನಿಂದ ತಂದ ಕೊಲ್ಯಾಜನ್ ಕೆಲವು ತಿಂಗಳಲ್ಲೇ ಕರಗಿ ಹೋಗುತ್ತಿತ್ತು. ದೇಹವೇ ತನ್ನ ಕೊಲ್ಯಾಜನ್ ಬೆಳೆಸಿಕೊಂಡರೆ ಹೇಗೆ ಎಂಬ ಪ್ರಶ್ನೆಗೆ ಈ ಅನುಭವವೇ ದಾರಿ ಮಾಡಿತು.

ಹುಳಿ ಹಾಲಿನಿಂದ ಹೊಲಿಗೆ ದಾರಕ್ಕೆ

ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೇಲೆ 1780ರಲ್ಲಿ ಹುಳಿತ ಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನು ಬೇರ್ಪಡಿಸಿದ. ನಮ್ಮ ಮೊಸರಿಗೆ ಹುಳಿ ಕೊಡುವುದೂ ಇದೇ ಆಮ್ಲ. ಇದರ ಅಣುಗಳನ್ನು ಸರಪಳಿಯಾಗಿ ಜೋಡಿಸಿದರೆ ಸಿಗುವ ಪಾಲಿಲ್ಯಾಕ್ಟಿಕ್ ಆಮ್ಲ ದೇಹದೊಳಗೆ ನೀರಿನ ಸಂಪರ್ಕದಿಂದ ನಿಧಾನವಾಗಿ ಒಡೆದು, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೊರಹೋಗುತ್ತದೆ. ಈ ಗುಣದಿಂದಾಗಿಯೇ 1970ರ ದಶಕದಿಂದ ಇದೇ ಬಳಗದ ಪಾಲಿಮರ್‌ಗಳು ಶಸ್ತ್ರಚಿಕಿತ್ಸೆಯಲ್ಲಿ ತಾನಾಗಿ ಕರಗುವ ಹೊಲಿಗೆ ದಾರಗಳಾಗಿ ಬಳಕೆಗೆ ಬಂದವು. ಮುಂದೆ ಮೂಳೆ ಜೋಡಿಸುವ ತಿರುಪುಗಳೂ ಆದವು. 1999ರಲ್ಲಿ ಈ ಪಾಲಿಮರ್‌ನ ಸೂಕ್ಷ್ಮ ಕಣಗಳು ನ್ಯೂಫಿಲ್ ಎಂಬ ಹೆಸರಿನಲ್ಲಿ ಚುಚ್ಚುಮದ್ದಾಗಿ ಯೂರೋಪಿನ ಮಾರುಕಟ್ಟೆಗೆ ಬಂದವು.

ಎಚ್‌ಐವಿ ಮತ್ತು ಮುಖ

1996ರ ಹೊತ್ತಿಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಎಚ್‌ಐವಿ ಚಿಕಿತ್ಸೆ ಸಾವನ್ನು ಹಿಮ್ಮೆಟ್ಟಿಸಿತು. ಆದರೆ ಬದುಕುಳಿದವರಲ್ಲಿ ಅನೇಕರ ಕೆನ್ನೆಯ ಕೊಬ್ಬು ಕರಗತೊಡಗಿತು. ಕೆನ್ನೆ ಗುಳಿಬಿದ್ದು, ಕಪೋಲದ ಮೂಳೆ ಎದ್ದು ಕಾಣುವ ಈ ಮುಖ ನೋಡಿದವರಿಗೆ ರೋಗದ ಗುರುತಾಯಿತು. ಯಾರಿಗೂ ಹೇಳದೆ ಚಿಕಿತ್ಸೆ ಪಡೆಯುತ್ತಿದ್ದವರ ಗುಟ್ಟನ್ನು ಮುಖವೇ ಹೊರಹಾಕಿತು. ಮಾತ್ರೆ ನಿಲ್ಲಿಸಿದರೆ ಜೀವಕ್ಕೆ ಅಪಾಯ, ನುಂಗಿದರೆ ಕೆನ್ನೆ ಸೊರಗುತ್ತದೆ ಎಂಬ ಇಕ್ಕಟ್ಟು. ಕೆನ್ನೆ ಸೊರಗಲು ಮುಖ್ಯ ಕಾರಣವಾದ ಔಷಧಗಳಲ್ಲಿ ಸ್ಟಾವುಡೀನ್ ಮತ್ತು ಜಿಡೊವುಡೀನ್ ಸೇರಿದ್ದವು.

ಈ ಅಧ್ಯಾಯಕ್ಕೆ ಭಾರತದ ನೇರ ಸಂಬಂಧವಿದೆ. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಮೂರು ಔಷಧಗಳ ಚಿಕಿತ್ಸೆ ಒದಗಿಸುವುದಾಗಿ ಸಾರಿತು, ಅವುಗಳಲ್ಲೊಂದು ಸ್ಟಾವುಡೀನ್. 2004ರ ಏಪ್ರಿಲ್ 1ರಂದು ಭಾರತ ಸರ್ಕಾರದ ಉಚಿತ ಚಿಕಿತ್ಸಾ ಯೋಜನೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದೆಹಲಿಯಲ್ಲಿ ಆರಂಭವಾಯಿತು. ಕರ್ನಾಟಕ ಆ ಆರರಲ್ಲಿ ಒಂದು. ಅಗ್ಗದ ಆ ಮಾತ್ರೆ ಅಸಂಖ್ಯ ಜೀವಗಳನ್ನು ಉಳಿಸಿತು. ಅದರ ಅಡ್ಡಪರಿಣಾಮವೂ ಬಡವರ ಮುಖದ ಮೇಲೆಯೇ ಹೆಚ್ಚು ಕಾಲ ಉಳಿಯಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡೀನ್ ಬಳಕೆಯನ್ನು ಹಂತಹಂತವಾಗಿ ಕೈಬಿಡುವಂತೆ ಸಲಹೆ ನೀಡಿತು.

ಫ್ರಾನ್ಸಿನಲ್ಲಿ ನಡೆದ ವೇಗಾ ಅಧ್ಯಯನ 50 ಎಚ್‌ಐವಿ ರೋಗಿಗಳ ಕೆನ್ನೆಗೆ ಪಾಲಿಲ್ಯಾಕ್ಟಿಕ್ ಆಮ್ಲ ಚುಚ್ಚಿ 96 ವಾರ ಗಮನಿಸಿತು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕೆನ್ನೆಯ ಚರ್ಮ ದಪ್ಪವಾಗಿ, ಆ ತುಂಬುವಿಕೆ ಬಹುಕಾಲ ನಿಂತಿತ್ತು. 2004ರ ಆಗಸ್ಟ್‌ನಲ್ಲಿ ಎಫ್‌ಡಿಎ ಇದೇ ವಸ್ತುವನ್ನು ಸ್ಕಲ್ಪ್‌ಟ್ರಾ ಎಂಬ ಹೆಸರಿನಲ್ಲಿ ಎಚ್‌ಐವಿ ಸೋಂಕಿತರ ಕೆನ್ನೆ ಸೊರಗುವಿಕೆಗೆ ಮಾತ್ರ ಒಪ್ಪಿತು. ಮುಖ ಕಳೆಗುಂದಿ ಖಿನ್ನತೆಗೆ ಒಳಗಾದ ಎಚ್‌ಐವಿ ರೋಗಿಗಳಿಗೆ ಈ ಚಿಕಿತ್ಸೆಯ ವೆಚ್ಚ ಭರಿಸಲು ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2010ರಲ್ಲಿ ಒಪ್ಪಿತು. ಮುಖವನ್ನು ಮರಳಿ ಪಡೆಯುವುದು ಶೋಕಿಯಲ್ಲ, ಚಿಕಿತ್ಸೆಯ ಭಾಗ ಎಂಬುದಕ್ಕೆ ಅಲ್ಲಿ ಅಧಿಕೃತ ಮುದ್ರೆ ಬಿತ್ತು. ಸೋಂಕಿಲ್ಲದವರ ಮುಖದ ಗೆರೆಗಳಿಗೆ ಎಫ್‌ಡಿಎ ಅನುಮತಿ ಸಿಕ್ಕಿದ್ದು 2009ರಲ್ಲಿ; ಕೆನ್ನೆಯ ಸುಕ್ಕುಗಳಿಗೆ 2023ರಲ್ಲಿ.

ಕೆಲಸ ಮಾಡುವ ಬಗೆ

ಪಾಲಿಲ್ಯಾಕ್ಟಿಕ್ ಆಮ್ಲದ ಕಣದ ಗಾತ್ರ 40ರಿಂದ 63 ಮೈಕ್ರಾನ್. ಇಷ್ಟು ದೊಡ್ಡ ಕಣವನ್ನು ದೇಹದ ಕಾವಲು ಜೀವಕೋಶಗಳು ನುಂಗಲಾರವು, ಸುತ್ತುವರಿಯುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಉರಿಯೂತವೊಂದು ಅಲ್ಲಿ ಹುಟ್ಟುತ್ತದೆ. ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಬಂದು ಕಣದ ಸುತ್ತ ಕೊಲ್ಯಾಜನ್ ನೇಯುತ್ತವೆ. ಕಣ ಕ್ರಮೇಣ ಕರಗುತ್ತದೆ, ನೇಯ್ಗೆ ಉಳಿಯುತ್ತದೆ. ಚುಚ್ಚಿದ ದಿನ ಕೆನ್ನೆ ತುಂಬಿದಂತೆ ಕಂಡರೂ ಅದು ಬೆರೆಸಿದ ನೀರಿನ ಉಬ್ಬು; ಕೆಲವು ದಿನಗಳಲ್ಲಿ ಇಳಿಯುತ್ತದೆ. ನಿಜವಾದ ಬದಲಾವಣೆ ಆಮೇಲೆ ಬರುತ್ತದೆ, ಎರಡು ವರ್ಷದವರೆಗೂ ನಿಲ್ಲಬಹುದು. ನೀರಿಳಿದ ಕೆನ್ನೆ ಕಂಡು ಸಾಲದೆಂದು ಆತುರದಿಂದ ಮತ್ತಷ್ಟು ಚುಚ್ಚಿಸಿಕೊಂಡರೆ ತಿಂಗಳುಗಳ ಬಳಿಕ ಮುಖ ಅಳತೆ ಮೀರಿ ಉಬ್ಬುತ್ತದೆ. ಆದ್ದರಿಂದಲೇ ಎರಡು ಸರದಿಗಳ ನಡುವೆ ಕನಿಷ್ಠ ಮೂರು ವಾರ ಬಿಡುತ್ತಾರೆ.

ಗಂಟುಗಳು ಕಲಿಸಿದ ಪಾಠ

ವೇಗಾ ಅಧ್ಯಯನದ 50 ಮಂದಿಯಲ್ಲಿ 22 ಮಂದಿಗೆ ಚರ್ಮದಡಿ ಸಣ್ಣ ಗಂಟುಗಳು ಕೈಗೆ ಸಿಗುತ್ತಿದ್ದವು. ಆರಂಭದ ದಿನಗಳಲ್ಲಿ ಸೀಸೆಯ ಪುಡಿಗೆ 3 ಮಿಲಿಲೀಟರ್‌ನಷ್ಟು ನೀರು ಬೆರೆಸಿ ಬೇಗನೆ ಚುಚ್ಚುವ ರೂಢಿಯಿತ್ತು. ಗಟ್ಟಿ ಮಿಶ್ರಣದಲ್ಲಿ ಕಣಗಳು ಒಂದೆಡೆ ಗುಂಪುಗೂಡಿ ಗಂಟು ಕಟ್ಟುತ್ತವೆಂಬುದು ಅನುಭವದಿಂದ ತಿಳಿಯಿತು. ವೈದ್ಯರು ನೀರು ಹೆಚ್ಚಿಸಿದರು, ಪುಡಿ ಪೂರ್ತಿ ನೆನೆಯಲು ಗಂಟೆಗಟ್ಟಲೆ ಬಿಟ್ಟರು, ಸೂಜಿಯನ್ನು ಆಳಕ್ಕೆ ಇಳಿಸಿದರು. 2021ರಲ್ಲಿ ಎಫ್‌ಡಿಎ ಒಪ್ಪಿದ ವಿಧಾನದಲ್ಲಿ ಒಂದು ಸೀಸೆಗೆ 8 ಮಿಲಿಲೀಟರ್ ಶುದ್ಧೀಕೃತ ನೀರು, ಬೇಕಾದರೆ ನೋವು ತಿಳಿಯದಂತೆ 1 ಮಿಲಿಲೀಟರ್ ಲಿಡೊಕೇನ್ ಸೇರುತ್ತದೆ, ಕಾಯದೆ ಬಳಸಬಹುದು.

ಈ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಶಿಸ್ತು ತಿಳಿಯುತ್ತದೆ. ಸೀಸೆಯ ತಳದಲ್ಲಿ ಬಿಳಿಯ ಒಣ ಬಿಲ್ಲೆ ಇರುತ್ತದೆ. ನೀರು ಸೇರಿಸಿ ಅಲುಗಿಸಿದಾಗ ಅದು ಹಾಲಿನಂತೆ ಮಬ್ಬಾಗುತ್ತದೆ. ಸಿರಿಂಜಿನಲ್ಲಿ ಕಣಗಳು ತಳಕ್ಕಿಳಿದರೆ ಮೊದಲ ಹನಿ ತೆಳ್ಳಗೆ, ಕೊನೆಯ ಹನಿ ಗಟ್ಟಿಯಾಗುತ್ತದೆ. ಹಾಗಾಗದಂತೆ ವೈದ್ಯರು ಆಗಾಗ ಅದನ್ನು ಹೊರಳಿಸುತ್ತಾರೆ. ಚುಚ್ಚಿದ ಬಳಿಕ ಆ ಜಾಗವನ್ನು ಚೆನ್ನಾಗಿ ನೀವುತ್ತಾರೆ. ಮನೆಯಲ್ಲಿ ರೋಗಿಯೂ ದಿನಕ್ಕೆ ಐದು ಸಲ, ಐದೈದು ನಿಮಿಷ, ಐದು ದಿನ ನೀವಿಕೊಳ್ಳಬೇಕು. ವೈದ್ಯರ ಬಾಯಲ್ಲಿ ಇದೇ ‘ಐದು-ಐದು-ಐದು’ ಸೂತ್ರ.

ಇತರ ವಸ್ತುಗಳು

ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್ ನಮ್ಮ ಮೂಳೆ, ಹಲ್ಲುಗಳಲ್ಲಿರುವ ಖನಿಜದ ಬಗೆ. ರೇಡಿಯೆಸ್ ಫಿಲ್ಲರ್‌ನಲ್ಲಿ ಇದರ 25ರಿಂದ 45 ಮೈಕ್ರಾನಿನ ಗೋಲಿಗಳು ಜೆಲ್‌ನಲ್ಲಿ ತೇಲುತ್ತಿರುತ್ತವೆ. ಜೆಲ್ ತಕ್ಷಣ ಜಾಗ ತುಂಬಿದರೆ, ಗೋಲಿಗಳು ಮುಂದೆ ಕೊಲ್ಯಾಜನ್ ಬೆಳೆಸುತ್ತವೆ. ಇದಕ್ಕೆ ಎಫ್‌ಡಿಎ ಒಪ್ಪಿಗೆ ದೊರೆತದ್ದು 2006ರ ಡಿಸೆಂಬರಿನಲ್ಲಿ. ಪಾಲಿಕ್ಯಾಪ್ರೊಲ್ಯಾಕ್ಟೋನಿನ ಎಲಾನ್ಸೆ ಫಿಲ್ಲರ್ 2009ರಿಂದ ಯೂರೋಪಿನಲ್ಲಿದೆ. 2006ರಲ್ಲೇ ಬಂದ ಇನ್ನೊಂದು ಫಿಲ್ಲರ್ ಆರ್ಟೆಫಿಲ್‌ನ ಪಿಎಂಎಂಎ ಎಂಬ ಪ್ಲಾಸ್ಟಿಕ್ ಗೋಲಿಗಳು ಎಂದೂ ಕರಗುವುದಿಲ್ಲ. ಹಾಗಾಗಿ ಅದರ ಆಯ್ಕೆಗೆ ಹೆಚ್ಚಿನ ಎಚ್ಚರ ಬೇಕು.

ಅಪಾಯ ಮತ್ತು ಎಚ್ಚರ

ಬಾವು, ನೋವು, ರಕ್ತ ಹೆಪ್ಪುಗಟ್ಟಿದ ಕಲೆ ಸಾಮಾನ್ಯ. ಕೆಲವು ದಿನಗಳಲ್ಲಿ ಮಾಯುತ್ತವೆ. ಎಲ್ಲಕ್ಕಿಂತ ಭೀಕರವಾದದ್ದು ಫಿಲ್ಲರ್ ರಕ್ತನಾಳದೊಳಗೆ ಸೇರುವುದು. ಆಗ ಚರ್ಮ ಕೊಳೆಯಬಹುದು, ಕಣ್ಣಿನ ಧಮನಿ ಮುಚ್ಚಿ ದೃಷ್ಟಿ ಹೋಗಬಹುದು, ಪಾರ್ಶ್ವವಾಯುವೂ ಬಡಿಯಬಹುದು. ವೈದ್ಯಕೀಯ ನಿಯತಕಾಲಿಕಗಳಲ್ಲಿ ವರದಿಯಾದ ದೃಷ್ಟಿ ಹಾನಿಯ ಪ್ರಕರಣಗಳನ್ನು ಒಟ್ಟುಗೂಡಿಸಿದ 2015ರ ಸಮೀಕ್ಷೆಯೊಂದರಲ್ಲಿ ಎಲ್ಲ ಬಗೆಯ ಫಿಲ್ಲರ್‌ಗಳಿಂದ 98 ಪ್ರಕರಣಗಳು ದಾಖಲಾಗಿವೆ. ಅವುಗಳಲ್ಲಿ ಸುಮಾರು ಅರ್ಧದಷ್ಟು, ರೋಗಿಯ ದೇಹದ್ದೇ ಕೊಬ್ಬನ್ನು ಚುಚ್ಚಿದ್ದರಿಂದ ಆದವು. ಹುಬ್ಬುಗಳ ನಡುವಿನ ಜಾಗ ಮತ್ತು ಮೂಗು ಅತಿ ಅಪಾಯದ ತಾಣಗಳಾಗಿದ್ದವು. ಅದೇ ವರ್ಷ ಎಫ್‌ಡಿಎ ಈ ಕುರಿತು ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು.

ಇಲ್ಲಿ ಒಂದು ವ್ಯತ್ಯಾಸ ನಿರ್ಣಾಯಕ. ಹಯಲುರಾನಿಕ್ ಆಮ್ಲ ತಪ್ಪು ಜಾಗಕ್ಕೆ ಹೋದರೆ ಹಯಲುರಾನಿಡೇಸ್ ಎಂಬ ಕಿಣ್ವದಿಂದ ಕರಗಿಸಬಹುದು. ಕೊಲ್ಯಾಜನ್ ಪ್ರಚೋದಕಗಳಿಗೆ ಅಂಥ ಪ್ರತಿಮದ್ದಿಲ್ಲ. ಆಮೇಲೆ ಸರಿಪಡಿಸುವ ದಾರಿ ಕಿರಿದಾಗಿರುವುದರಿಂದ ಮೊದಲೇ ವಹಿಸುವ ಎಚ್ಚರವೇ ಇಲ್ಲಿ ಚಿಕಿತ್ಸೆಯ ಜೀವಾಳ. ಸದಾ ಚಲಿಸುವ ತುಟಿಗೆ, ಕಣ್ಣಿನ ಸುತ್ತಲಿನ ತೆಳು ಚರ್ಮಕ್ಕೆ ಪಾಲಿಲ್ಯಾಕ್ಟಿಕ್ ಆಮ್ಲ ಚುಚ್ಚಬಾರದು. ಚರ್ಮದಲ್ಲಿ ಸೋಂಕಿರುವವರು, ಗಾಯ ಮಾಸಿದಲ್ಲಿ ಕೀಲಾಯ್ಡ್ ಗಂಟು ಕಟ್ಟುವ ದೇಹಪ್ರಕೃತಿಯವರು ಇದರಿಂದ ದೂರವಿರಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮುಂದೂಡುವುದು ಕ್ಷೇಮ. ಹಿಂದೆ ಮುಖಕ್ಕೆ ಏನನ್ನಾದರೂ ಚುಚ್ಚಿಸಿಕೊಂಡಿದ್ದರೆ, ರಕ್ತ ತೆಳುಗೊಳಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಲೇಬೇಕು.

ಬ್ಯೂಟಿ ಪಾರ್ಲರಿನ ಕುರ್ಚಿ ಈ ಚಿಕಿತ್ಸೆಯ ಜಾಗವಲ್ಲ. ಮುಖದ ಧಮನಿಗಳ ಹಾದಿ ಬಲ್ಲ, ತೊಡಕನ್ನು ಗುರುತಿಸಿ ನಿಭಾಯಿಸಬಲ್ಲ ಚರ್ಮತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್ ಮಾತ್ರ ಇದನ್ನು ಮಾಡಬೇಕು. ಸೀಸೆಯನ್ನು ನಿಮ್ಮೆದುರೇ ತೆರೆಯಲು ಹೇಳಿ, ಹೆಸರು, ಬ್ಯಾಚ್ ಸಂಖ್ಯೆ ಮತ್ತು ಅವಧಿ ದಿನಾಂಕ ಬರೆದುಕೊಳ್ಳಿ. ಚುಚ್ಚಿದ ಬಳಿಕ ತೀವ್ರ ನೋವು, ಚರ್ಮ ಬಿಳಚಿಕೊಳ್ಳುವುದು, ಬಲೆಯಂಥ ನೀಲಿ ಗೆರೆ ಅಥವಾ ಕಣ್ಣು ಮಂಜಾಗುವುದು ಕಂಡರೆ ಬೆಳಗಾಗಲೆಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.