ಉಕ್ಕಲ್ಲದ ಅಲಗುಗಳು: ಗಡಸುತನದ ಅಳತೆ, ಮುಕ್ಕಿನ ಪ್ರಶ್ನೆ

ಚಾಕುವಿನ ಬಾಯಿ ಕೆಡುವ ಬಗೆಗಳು ಮುಖ್ಯವಾಗಿ ಮೂರು: ಅದು ಸವೆಯುತ್ತದೆ, ಬಾಗಿ ಮಡಚಿಕೊಳ್ಳುತ್ತದೆ, ಇಲ್ಲವೇ ಮುಕ್ಕಾಗುತ್ತದೆ. ಉಕ್ಕಿಗೆ ಬದಲಿ ಹುಡುಕಿದವರ ಕಣ್ಣು ಹೆಚ್ಚಾಗಿ ನೆಟ್ಟಿದ್ದು ಮೊದಲನೆಯದರ ಮೇಲೆ. ಹೆಚ್ಚು ಗಡಸಾದದ್ದು ನಿಧಾನವಾಗಿ ಸವೆಯುತ್ತದೆ, ಆದ್ದರಿಂದ ಅದೇ ಮೇಲು ಎಂಬ ತರ್ಕ ಈ ಹುಡುಕಾಟದ ಹಿಂದಿದೆ. ಜ್ವಾಲಾಮುಖಿಯ ಗಾಜು, ಜಿರ್ಕೋನಿಯಾ ಪಿಂಗಾಣಿ, ನಿಕಲ್-ಟೈಟಾನಿಯಂ ಮಿಶ್ರಲೋಹ ಈ ಮೂರನ್ನು ಪರಿಶೀಲಿಸಿದರೆ ಆ ತರ್ಕ ಎಲ್ಲಿ ಕೈಕೊಡುತ್ತದೆಂಬುದು ಕಾಣುತ್ತದೆ.

ಜ್ವಾಲಾಮುಖಿಯ ಗಾಜಾದ ಅಬ್ಸಿಡಿಯನ್‌ಗೆ ಹರಳಿನ ರಚನೆಯಿಲ್ಲ. ಸರಿಯಾದ ಕೋನದಲ್ಲಿ ಪೆಟ್ಟು ಬಿದ್ದರೆ ಅದರ ಅಂಚು ಕೆಲವೇ ನ್ಯಾನೊಮೀಟರ್ ದಪ್ಪಕ್ಕೆ ಇಳಿಯಬಲ್ಲದು. ಸಾಣೆ ಹಿಡಿದ ಉಕ್ಕಿಗೆ ಆ ನಯ ದಕ್ಕುವುದಿಲ್ಲ. 1970ರ ದಶಕದಲ್ಲಿ ಅಮೆರಿಕದ ಶಿಲೋಪಕರಣ ತಜ್ಞ ಡಾನ್ ಕ್ರಾಬ್‌ಟ್ರೀ ತಾವೇ ಸೀಳಿದ ಅಬ್ಸಿಡಿಯನ್ ಅಲಗುಗಳಿಂದ ತಮ್ಮ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆ ಗಾಯ ಮಾದ ರೀತಿ ಬಹುಕಾಲ ದಂತಕಥೆಯಂತೆ ಹರಡಿತು. 1993ರಲ್ಲಿ 40 ಇಲಿಗಳ ಮೇಲೆ ನಡೆದ ಹೋಲಿಕೆಯ ಪ್ರಯೋಗ ಅದಕ್ಕೊಂದು ಮಿತಿ ಹಾಕಿತು. 7, 10 ಮತ್ತು 14ನೇ ದಿನಗಳಲ್ಲಿ ಅಬ್ಸಿಡಿಯನ್ ಗಾಯದ ಕಲೆ ಕಿರಿದಾಗಿತ್ತು. 21ನೇ ದಿನಕ್ಕೆ ವ್ಯತ್ಯಾಸ ಉಳಿಯಲಿಲ್ಲ. ಮಾದ ಚರ್ಮದ ಬಲದಲ್ಲಂತೂ ಯಾವ ಹಂತದಲ್ಲೂ ಅಂತರ ಕಾಣಲಿಲ್ಲ. ಹರಿತದ ಮೇಲುಗೈ ನಿಜ, ಆದರೆ ಅದರ ಫಲ ಎರಡು ವಾರದ್ದು. ಇತ್ತ, ಓರೆಯಾಗಿ ಒತ್ತಿದರೆ ಗಾಜಿನ ಚೂರು ಗಾಯದೊಳಗೇ ಉಳಿಯುವ ಅಪಾಯವಿದೆ. ಶಸ್ತ್ರಚಿಕಿತ್ಸಾ ಕೋಣೆಗೆ ಅಬ್ಸಿಡಿಯನ್ ವ್ಯಾಪಕವಾಗಿ ಬರದಿರಲು ಈ ಲೆಕ್ಕವೇ ಸಾಕು.

ಜಿರ್ಕೋನಿಯಾದ ಕಥೆ ಹೆಚ್ಚು ಸ್ವಾರಸ್ಯದ್ದು. ಶುದ್ಧ ಜಿರ್ಕೋನಿಯಾವನ್ನು ಸುಟ್ಟು ಆರಿಸುವಾಗ ಸುಮಾರು 1170 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹರಳಿನ ರಚನೆ ಬದಲಾಗಿ ಗಾತ್ರ ಶೇ. 3ರಿಂದ 5ರಷ್ಟು ಹಿಗ್ಗುತ್ತದೆ. ತುಂಡು ತಾನಾಗಿಯೇ ಬಿರಿಯುತ್ತದೆ. ಸ್ವಲ್ಪ ಇಟ್ರಿಯಾ ಬೆರೆಸಿದರೆ ಹೆಚ್ಚಿನ ಉಷ್ಣತೆಯ ರಚನೆಯೇ ತಣ್ಣಗಾದ ಮೇಲೂ ಉಳಿಯುತ್ತದೆ. ಆಗ ಬಿರುಕೊಂದು ಹೊರಟರೆ ಅದರ ತುದಿಯ ಒತ್ತಡಕ್ಕೆ ಸುತ್ತಲ ಕಣಗಳು ಕಡಿಮೆ ಉಷ್ಣತೆಯ ರಚನೆಗೆ ಬದಲಾಗಿ ಹಿಗ್ಗಿ, ಬಿರುಕಿನ ಬಾಯನ್ನು ಅದುಮಿ ಹಿಡಿಯುತ್ತವೆ. ವಸ್ತುವನ್ನು ಒಡೆಯುತ್ತಿದ್ದ ದೋಷವೇ ಅದಕ್ಕೆ ಕಾವಲಾಯಿತು. ಈ ತತ್ತ್ವವನ್ನು 1975ರಲ್ಲಿ ಆಸ್ಟ್ರೇಲಿಯಾದ ಗಾರ್ವಿ, ಹ್ಯಾನಿಂಕ್, ಪಾಸ್ಕೋ 'ನೇಚರ್' ಪತ್ರಿಕೆಯಲ್ಲಿ ಮಂಡಿಸಿದರು. 1980ರ ದಶಕದಲ್ಲಿ ಜಪಾನಿನ ಕ್ಯೋಸೆರಾ ಸಂಸ್ಥೆ ಜಿರ್ಕೋನಿಯಾದ ಅಡುಗೆ ಚಾಕುಗಳನ್ನು ಮಾರುಕಟ್ಟೆಗೆ ತಂದಿತು.

ಹದಗೊಳಿಸಿದ ಒಳ್ಳೆಯ ಚಾಕುವಿನ ಉಕ್ಕು ವಿಕರ್ಸ್ ಮಾಪನದಲ್ಲಿ ಸುಮಾರು 700ರಷ್ಟು ಗಡಸು, ಜಿರ್ಕೋನಿಯಾ ಸುಮಾರು 1200. ಅದಕ್ಕೆ ತುಕ್ಕಿಲ್ಲ, ನಿಂಬೆಹುಳಿಯ ಭಯವಿಲ್ಲ. ಟೊಮೆಟೊ, ಸೌತೆಕಾಯಿಗಳಲ್ಲಿ ತಿಂಗಳುಗಟ್ಟಲೆ ಹರಿತ ಉಳಿಯುತ್ತದೆ. ಕುಂಬಳಕಾಯಿಗೆ ಇಳಿಸಿ ತುಸು ತಿರುಚಿದರೆ ಮಾತ್ರ ಅಂಚಿನಿಂದ ಚಕ್ಕೆ ಹಾರುತ್ತದೆ. ಆಮೇಲೆ ವಜ್ರದ ಪುಡಿಯ ಸಾಣೆಯೇ ಬೇಕು. ಬಿರುಕನ್ನು ಅದುಮುವ ಗುಣವಿದ್ದೂ ಹೀಗೇಕೆ? ನನ್ನ ವಿವರಣೆ ಇದು: ಆ ರಕ್ಷಣೆ ಪೂರ್ತಿ ಒದಗಲು ಬಿರುಕಿನ ಸುತ್ತ ಒಂದಷ್ಟು ಮೈಕ್ರಾನ್ ಅಗಲದ ವಸ್ತು ಇರಬೇಕು. ಅಲಗಿನ ತುದಿಯಲ್ಲಿ ಅಷ್ಟು ದಪ್ಪವೇ ಇಲ್ಲ. ದಪ್ಪ ಹಲಗೆಯ ಮೇಲೆ ಅಳೆದ ತಾಳಿಕೆಯನ್ನು ಅಂಚಿಗೂ ಆರೋಪಿಸುವುದು ತಪ್ಪು.

ನಿಕಲ್-ಟೈಟಾನಿಯಂ ಬೇರೆ ದಾರಿ ತೋರುತ್ತದೆ. ಅಮೆರಿಕದ ನೌಕಾ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ರೂಪಿಸಿದ ಈ ಲೋಹಕುಟುಂಬದಲ್ಲಿ, ತೂಕದಲ್ಲಿ ಶೇ. 60ರಷ್ಟು ನಿಕಲ್ ಇರುವ ಬಗೆಯನ್ನು ಕಾಯಿಸಿ ಥಟ್ಟನೆ ತಣಿಸಿದರೆ ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ 60ರ ಹತ್ತಿರ ಬರುತ್ತದೆ. ಇದು ಕಾಂತಕ್ಕೆ ಸಿಕ್ಕದು, ಸಮುದ್ರದ ನೀರಿಗೆ ತುಕ್ಕು ಹಿಡಿಯದು. ಒತ್ತಿದಾಗ ಉಕ್ಕಿಗಿಂತ ಹೆಚ್ಚು ಬಳುಕಿ ಮತ್ತೆ ಮೊದಲಿನಂತಾಗುತ್ತದೆ. ನಾಸಾ ಇದನ್ನು ಬೇರಿಂಗ್‌ಗಳಿಗಾಗಿ ಅಭ್ಯಸಿಸಿದ್ದು ಈ ಗುಣಗಳಿಗಾಗಿಯೇ. ಕಾಂತಕ್ಕೆ ಸ್ಪಂದಿಸುವ ಸಿಡಿಗುಂಡುಗಳ ನಡುವೆ ಕೆಲಸ ಮಾಡುವ ಮುಳುಗುಗಾರರಿಗೆ ಇಂಥ ಚಾಕು ಅಗತ್ಯ. ಯಂತ್ರದಲ್ಲಿ ಕಡೆಯುವುದು ಕಷ್ಟವಾದ್ದರಿಂದ ಬೆಲೆ ದುಬಾರಿ, ಅಡುಗೆಮನೆಗೆ ಬೇಕಿಲ್ಲ. ಟೈಟಾನಿಯಂ ಮಿಶ್ರಲೋಹಗಳೂ ಅದೇ ಕೆಲಸಕ್ಕೆ ಬರುತ್ತವೆ, ಆದರೆ ಮೆದುವಾದ್ದರಿಂದ ಬೇಗ ಮೊಂಡಾಗುತ್ತವೆ.

ಉಕ್ಕಿಗೂ ಮುಕ್ಕಿನ ಪಾಡು ತಪ್ಪಿದ್ದಲ್ಲ. 2020ರಲ್ಲಿ ಎಂಐಟಿ ಸಂಶೋಧಕರು ಕ್ಷೌರದ ಬ್ಲೇಡನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಬ್ಲೇಡಿಗಿಂತ ಸುಮಾರು 50 ಪಟ್ಟು ಮೃದುವಾದ ಕೂದಲು, ಓರೆಯಾಗಿ ಬಾಗಿದಾಗ, ಅಂಚಿನ ಗಡಸು-ಮೆದು ಭಾಗಗಳು ಕೂಡುವಲ್ಲಿ ಚಕ್ಕೆ ಎಬ್ಬಿಸುತ್ತಿತ್ತು. ಸವೆತದ ಸಿದ್ಧಾಂತವೊಂದರಿಂದ ಇದನ್ನು ವಿವರಿಸಲಾಗದು.

ಹೀಗಿದ್ದೂ, ಚಾಕುಗಳ ಅಂತರರಾಷ್ಟ್ರೀಯ ಪರೀಕ್ಷಾಮಾನಕ ಐಎಸ್‌ಒ 8442-5 ಅಲಗನ್ನು ಸಿಲಿಕಾ ಬೆರೆತ ಕಾಗದದ ಕಟ್ಟಿನ ಮೇಲೆ ನೇರವಾಗಿ ಹಿಂದೆಮುಂದೆ ಆಡಿಸಿ, ಕೊಯ್ದ ಆಳವನ್ನು ಅಳೆಯುತ್ತದೆ. ಪಿಂಗಾಣಿ ಗೆಲ್ಲಲು ಇದಕ್ಕಿಂತ ಅನುಕೂಲದ ಕಣ ಬೇಕಿಲ್ಲ. ಇದಕ್ಕೆ ಹೋಲಿಸಿದರೆ, 2019ರಲ್ಲಿ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಮಲವನ್ನು ಹೆಪ್ಪುಗಟ್ಟಿಸಿ ಮಾಡಿದ ಚಾಕುವಿನ ಪ್ರಯೋಗ, ನಗೆ ತರಿಸಿದರೂ, ವಿಧಾನದಲ್ಲಿ ಪ್ರಾಮಾಣಿಕ: ಅವರು ಅದನ್ನು ಹಂದಿಯ ಚರ್ಮದ ಮೇಲೇ ಆಡಿಸಿದರು. ಅದು ಕೊಯ್ಯಲಿಲ್ಲ, ಹಾಗೆಂದೇ ಪ್ರಕಟಿಸಿದರು.

ಹೊಸ ಅಲಗುವಸ್ತುವಿನ ಬಗ್ಗೆ ಬರೆಯುವವರು ಗಡಸುತನದ ಅಂಕಿಯ ಪಕ್ಕದಲ್ಲಿ ಅಂಚಿನ ದಪ್ಪ, ಕೋನ ಮತ್ತು ಪಕ್ಕದಿಂದ ಒತ್ತಿದಾಗ ಎಷ್ಟು ಬಲಕ್ಕೆ ಮುಕ್ಕಾಯಿತು ಎಂಬುದನ್ನೂ ಕೊಡಬೇಕು. ಇವಿಲ್ಲದ ವರದಿಯನ್ನು ಪತ್ರಿಕೆಗಳು ಅಪೂರ್ಣವೆಂದು ಹಿಂದಿರುಗಿಸುವುದೇ ಸರಿ.