ಹಂಚು ಇಡದ ದಿನ

ಹೋದ ವರ್ಷ ಪಂಚಮಿಗೆಂದು ಬನಹಟ್ಟಿಗೆ ಹೋದಾಗ ನನ್ನ ಚೀಲದಲ್ಲಿ ಅರ್ಧ ಬರೆದ ಅಧ್ಯಾಯವೊಂದಿತ್ತು. ಹಬ್ಬ ಮುಗಿಸಿ ಬರುವಾಗ ಅದನ್ನು ಪೂರ್ತಿ ಮಾಡಿಕೊಂಡು ಬರಬೇಕೆಂದು ಗೈಡ್ ಹೇಳಿದ್ದರು. ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. "ಊರಿಗೆ ಹೋದಮೇಲೆ ಮೊದಲು ನಿನ್ನನ್ನು ನೀನು ನೋಡಿಕೋ. ಫೋನ್ ಬಂದ್ ಮಾಡು, ಮಲಗು" ಎಂದು ಹಾಸ್ಟೆಲ್ಲಿನ ಗೆಳತಿ ಬುದ್ಧಿ ಹೇಳಿ ಕಳಿಸಿದ್ದಳು. ಹಾಗೇ ಮಾಡಿದೆ. ಮೊದಲ ದಿನ ಮಧ್ಯಾಹ್ನದವರೆಗೆ ಮಲಗಿದೆ.

ಎದ್ದು ಬಂದಾಗ ಅವ್ವ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಒಲೆಯ ಪಕ್ಕದಲ್ಲಿ ಬಡಿದಿಟ್ಟ ಸಜ್ಜಿರೊಟ್ಟಿಯ ಬುಟ್ಟಿ ತುಂಬಿತ್ತು. ಡಬ್ಬಿಗಳಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಗುಳ್ಳಡಕಿ ಉಂಡಿ. "ಯಾಕ ಎದ್ದೀಯವ್ವಾ, ಇನ್ನಷ್ಟು ಮಲಗಬೇಕಿತ್ತಲ್ಲ" ಅಂದಳು. ಅವಳು ನಸುಕಿನ ನಾಲ್ಕಕ್ಕೇ ಎದ್ದಿದ್ದಳು.

ನಾನು ಓದುತ್ತಿರುವುದು ನಮ್ಮ ಭಾಗದ ನೇಕಾರ ಮನೆಗಳ ಚರಿತ್ರೆಯನ್ನು. ಕೂಲಿ, ನೂಲು, ಸಾಲ ಇವುಗಳ ಲೆಕ್ಕ ಹಾಕುತ್ತ ನಾಲ್ಕು ವರ್ಷ ಕಳೆದಿದ್ದೇನೆ. ದುಡಿಮೆಗೆ ಚರಿತ್ರೆ ಇರುವಂತೆ ದಣಿವಾರಿಸಿಕೊಳ್ಳುವುದಕ್ಕೂ ಒಂದು ಚರಿತ್ರೆ ಇರಬಹುದೆಂದು ನನಗೆ ಹೊಳೆದದ್ದು ಆ ಮಧ್ಯಾಹ್ನವೇ.

ಪಂಚಮಿಯ ದಿನ ನಮ್ಮ ಮನೆಗಳಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ಕರಿಯುವುದಿಲ್ಲ, ಈಳಿಗೆ ಹಿಡಿದು ಕಾಯಿಪಲ್ಲೆ ಹೆಚ್ಚುವುದಿಲ್ಲ. ಹೊಲದಲ್ಲಿ ನೇಗಿಲು ಹೂಡುವುದಿಲ್ಲ. ನಾಗಪ್ಪನಿಗೆ ನೋವಾಗುತ್ತದೆ ಎಂಬುದು ಹಿರಿಯರು ಕೊಡುವ ಕಾರಣ. ಅದಕ್ಕಾಗಿಯೇ ರೊಟ್ಟಿ ಹಬ್ಬದ ಹೊತ್ತಿಗೆ ರೊಟ್ಟಿ ಬಡಿದಿಟ್ಟು, ಓಣಿಯ ಮನೆಗಳಿಗೆ ಬೀರಿ, ಪಂಚಮಿಯ ದಿನ ಹೆಣ್ಣುಮಕ್ಕಳು ಜೋಕಾಲಿಯ ಕಡೆ ಹೋಗುತ್ತಾರೆ. ಎತ್ತುಗಳಿಗೂ ಇಂಥದೇ ನೇಮ. ಸೋಮವಾರ ಬಸವಣ್ಣನ ವಾರ, ಆವತ್ತು ಅವುಗಳ ಹೆಗಲ ಮೇಲೆ ನೊಗ ಇಡುವಂತಿಲ್ಲ.

ಇಲ್ಲಿ ವಿಶ್ರಾಂತಿ ಎಂಬುದು ಯಾರೋ ಬಯಸಿ ಪಡೆದದ್ದಲ್ಲ, ಅದು 'ಮಾಡಬಾರದು' ಎಂಬ ಕಟ್ಟಳೆಯ ರೂಪದಲ್ಲಿ ಬಂದದ್ದು. ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಹೋರಾಡಿ 1890ರಲ್ಲಿ ಭಾನುವಾರದ ರಜೆ ಪಡೆದರು. ಮರುವರ್ಷದ ಕಾರ್ಖಾನೆ ಕಾಯ್ದೆಯಲ್ಲಿ ವಾರದ ರಜೆ ಸೇರಿತು. ಆದರೆ ಅದು ಕಾರ್ಖಾನೆಯ ಗೇಟಿನೊಳಗಿನ ರಜೆ. ನಮ್ಮಲ್ಲಿ ಮಗ್ಗ ಇದ್ದದ್ದು ಮನೆಯೊಳಗೆ, ಕೂಲಿ ನೇಯ್ದಷ್ಟಕ್ಕೆ. ಒಂದು ದಿನ ಲಾಳಿ ನಿಂತರೆ ಆ ದಿನದ ಗಳಿಕೆಯೂ ನಿಲ್ಲುತ್ತದೆ. ಗಂಡಸು ಮಗ್ಗದಿಂದ ಎದ್ದಮೇಲಾದರೂ ಕಟ್ಟೆಗೆ ಹೋಗಿ ಕೂತಾನು. ಹೆಂಗಸು ರಾಟೆಯಿಂದ ಎದ್ದರೆ ಒಲೆ ಕಾದಿರುತ್ತದೆ. ಇಂಥ ಮನೆಯಲ್ಲಿ 'ನಿನಗೆ ಬೇಕೆನಿಸಿದಾಗ ದಣಿವಾರಿಸಿಕೋ' ಅಂದರೆ ಆ ಗಳಿಗೆ ಎಂದೂ ಬರುವುದಿಲ್ಲ. 'ಇಂದು ಹಂಚು ಇಡಬಾರದು' ಎಂದಾಗ ಮಾತ್ರ ಅತ್ತೆಯೂ ಎದುರು ಹೇಳುವಂತಿರಲಿಲ್ಲ, ಸೊಸೆಯನ್ನು ಮೈಗಳ್ಳಿ ಎನ್ನುವಂತಿರಲಿಲ್ಲ.

ಎರಡನೆಯ ಏರ್ಪಾಡು ತವರು. ಪಂಚಮಿಗೆ ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ. ಇಂದು ಒಂದೇ ಊರಿನಂತೆ ಕಾಣುವ ರಬಕವಿ ಮತ್ತು ಬನಹಟ್ಟಿ ಒಂದು ಕಾಲಕ್ಕೆ ಎರಡು ಸಂಸ್ಥಾನಗಳಲ್ಲಿದ್ದವು. ರಬಕವಿ ಸಾಂಗ್ಲಿಗೆ ಸೇರಿದ್ದರೆ ಬನಹಟ್ಟಿ ಜಮಖಂಡಿಗೆ. ಮುಧೋಳ ಘೋರ್ಪಡೆಯವರದು. 1948ರಲ್ಲಿ ಈ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಬನಹಟ್ಟಿಯ ಸೊಸೆ ರಬಕವಿಯ ತವರಿಗೆ ಹೊರಟರೆ ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಹೋದಂತೆಯೇ. ಅವಳ ಮಟ್ಟಿಗೆ ನಿಜವಾದ ಗಡಿ ಎಂದರೆ ಅತ್ತೆಮನೆಯ ಹೊಸ್ತಿಲು. ಅದನ್ನು ದಾಟಿದರೆ ನಾಲ್ಕು ದಿನ ಅವಳು ಮತ್ತೆ ಮಗಳು. ಬಿಜಾಪುರ ಸೀಮೆಯ ಹಲಸಂಗಿ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ 'ಗರತಿಯ ಹಾಡು' ಓದಿದವರಿಗೆ ತವರೆಂಬ ಮಾತಿನ ತೂಕ ಗೊತ್ತು. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತವಳು ಹಗಲು ಯಾರಿಗೂ ಹೇಳಲಾಗದ್ದನ್ನು ಕಲ್ಲಿನ ಸದ್ದಿನೊಳಗೆ ಹಾಡಿ ಹಗುರಾಗುತ್ತಿದ್ದಳು. ಹಿಟ್ಟಿನ ಗಿರಣಿ ಬಂದು ರಟ್ಟೆಯ ನೋವು ಕಡಿಮೆಯಾಯಿತು, ಅದರ ಜೊತೆಗೆ ಆ ಏಕಾಂತವೂ ಹೋಯಿತು.

ಇಷ್ಟು ಬರೆದು 'ನಮ್ಮ ಹಿರಿಯರು ಎಷ್ಟು ಜಾಣರು' ಎಂದು ಮುಗಿಸಿಬಿಡಬಹುದಿತ್ತು. ಆದರೆ ಹಂಚು ಇಡದ ಒಂದು ದಿನಕ್ಕಾಗಿ ಅವ್ವ ಹಿಂದಿನ ಮೂರು ದಿನ ಹಂಚಿನ ಮುಂದೆಯೇ ಇದ್ದಳು. ತವರಿಗೆ ಬಂದ ಮಗಳು ಜೋಕಾಲಿ ಜೀಕುವಾಗ ಅವಳಿಗಾಗಿ ಉಂಡಿ ಕಟ್ಟುವವಳು ಇನ್ನೊಬ್ಬ ಹೆಂಗಸೇ. ಆ ದಿನ ಮಧ್ಯಾಹ್ನದವರೆಗೆ ನಾನು ಮಾಡಿದ ನಿದ್ದೆಯೂ ಅವಳ ಖರ್ಚಿನದೇ.

ಎಲ್ಲರಿಗೂ ತವರು ಇರುತ್ತದೆ ಎನ್ನುವಂತೆಯೂ ಇಲ್ಲ. ಬೀಳಗಿ ತಾಲ್ಲೂಕಿನ ಹಳ್ಳಿಗಳು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದವು. ಪುನರ್ವಸತಿ ಕೇಂದ್ರದಲ್ಲಿ ನಾನು ಮಾತಾಡಿಸಿದ ಹಿರಿಯಳೊಬ್ಬಳು, "ಜೋಕಾಲಿ ಕಟ್ಟತಿದ್ದ ಬೇವಿನಗಿಡ ನೀರಾಗ ಹೋತು. ತಮ್ಮ ಕರಿಯಾಕ ಬರತಾನ, ಹೋಗತೀನಿ. ಆದ್ರ ಅದು ಅವನ ಮನಿ, ನನ್ನ ಊರಲ್ಲ" ಎಂದಳು. ಮುಧೋಳ, ಜಮಖಂಡಿಯ ಕಬ್ಬಿನ ಸೀಮೆಯಲ್ಲಿ ಹಂಗಾಮು ಶುರುವಾಗುವುದೇ ದೀಪಾವಳಿಯ ಆಸುಪಾಸಿನಲ್ಲಿ. ಕಬ್ಬು ಕಡಿಯಲು ಬೇರೆ ಕಡೆಯಿಂದ ಬಂದ ಹೆಂಗಸರು ಹೊಲದ ಬದಿಯ ಗುಡಿಸಲಿನಲ್ಲಿ ದೀಪ ಹಚ್ಚಿ, ಮರುದಿನ ಮತ್ತೆ ಕೊಯ್ತಾ ಹಿಡಿಯುತ್ತಾರೆ.

ಹಾಗಾದರೆ ಹಬ್ಬದ ದಿನಗಳಲ್ಲಿ ನಮ್ಮನ್ನು ನಾವು ನೋಡಿಕೊಳ್ಳುವುದು ಹೇಗೆ? ಈಗ ಎಲ್ಲೆಡೆ ಕೇಳುವ ಸಲಹೆಗಳು ತಪ್ಪಲ್ಲ. ಚೆನ್ನಾಗಿ ನಿದ್ದೆ ಮಾಡಬೇಕು, ಆಗದ್ದಕ್ಕೆ ಆಗುವುದಿಲ್ಲ ಎನ್ನಬೇಕು. ಆದರೆ ಅವು ವಿಶ್ರಾಂತಿಯನ್ನು ಒಬ್ಬೊಬ್ಬರ ಆಯ್ಕೆಗೆ ಬಿಡುತ್ತವೆ. ಆಯ್ದುಕೊಳ್ಳುವ ಅನುಕೂಲ ನನಗಿದೆ, ಅವ್ವನಿಗಿಲ್ಲ. ನಾಗಪ್ಪನ ಭಯದ ಕಟ್ಟಳೆ ಸಡಿಲವಾದದ್ದಕ್ಕೆ ನನಗೆ ದುಃಖವಿಲ್ಲ. ಅದರ ಜಾಗದಲ್ಲಿ ನಾವು ಇನ್ನೇನನ್ನೂ ಇಡಲಿಲ್ಲವಲ್ಲ ಎಂಬುದಷ್ಟೇ ಕೊರಗು.

ಈ ವರ್ಷ ಮನೆಯಲ್ಲಿ ನಾವೇ ಒಂದು ಕಟ್ಟಳೆ ಮಾಡಿದೆವು. ಪಂಚಮಿಗೆ ಎರಡು ದಿನ ಮೊದಲೇ ರಾಟೆ ಬಂದ್, ಅಷ್ಟರ ಕೂಲಿ ಹೋದರೆ ಹೋಯಿತು. ರೊಟ್ಟಿ ನನ್ನದು, ಉಂಡಿ ತಮ್ಮನದು. ಹಿಟ್ಟು ಮುಟ್ಟಿ ಗೊತ್ತಿಲ್ಲದ ಅವನು ಬೆಲ್ಲದ ಪಾಕವನ್ನು ಎರಡು ಸಲ ಕೆಡಿಸಿದ. ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು, ಐದು ನಿಮಿಷಕ್ಕೊಮ್ಮೆ ಏಳಲು ನೋಡಿದಳು. "ಅವ್ವಾ, ನೀ ಕುಂದರು" ಎಂದು ತಮ್ಮ ಒಳಗಿನಿಂದಲೇ ಗದರಿದ. "ಕೈ ಸುಮ್ನ ಇರಂಗಿಲ್ಲೋ" ಅಂದಳು ಅವಳು.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ, ಸೊಟ್ಟಗಿದ್ದ ಉಂಡಿಗಳನ್ನೆಲ್ಲ ಒಡೆದು ಅವ್ವ ಮತ್ತೆ ಕಟ್ಟಿದ್ದಾಳೆಂದು ಬೆಳಿಗ್ಗೆ ಗೊತ್ತಾಯಿತು. ಬರುವ ವರ್ಷ ಡಬ್ಬಿಗೆ ಕೀಲಿ ಹಾಕುತ್ತೇನೆಂದು ತಮ್ಮ ಹೇಳಿದ್ದಾನೆ.